ಗುಮಾಸ್ತನ ತುಟಿ

ಸಂಗೀತ ಕಚೇರಿಯಲ್ಲಿ ಪಿಟೀಲಿನವನ ಮುಖ ಪೂರ್ತಿಯಾಗಿ ಕಾಣುವುದು ಮೃದಂಗದವನಿಗೆ ಮಾತ್ರ. ಹಾಡುವವರು ಸಭೆಯ ಕಡೆ ತಿರುಗಿ ಕೂರುತ್ತಾರೆ, ನಾನು ಎಡಗೈಯಲ್ಲಿ ಬಾರಿಸುವವನಾದ್ದರಿಂದ ಅವರ ಬಲಕ್ಕೆ ಪಿಟೀಲು, ಎಡಕ್ಕೆ ಮೃದಂಗ, ನಾವಿಬ್ಬರೂ ಎದುರುಬದುರು. ಇಪ್ಪತ್ತೆರಡು ವರ್ಷ ನಾನು ಕೊರಡಾಚೇರಿ ಅಪ್ಪಾದುರೈಯ ಮುಖ ನೋಡಿಕೊಂಡೇ ಬಾರಿಸಿದ್ದೇನೆ. ಕಟ್ಟಿಕೊಂಡ ಹೆಂಡತಿಯ ಮುಖವನ್ನು ಅಷ್ಟು ಹೊತ್ತು ನೋಡಿದವನಲ್ಲ. ಈ ಮಾತನ್ನು ಅವಳೇ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ನಮ್ಮ ತಾತ ಬಳ್ಳಾರಿ ಕಡೆಯಿಂದ ಮದರಾಸಿಗೆ ಬಂದು ತಿರುವಲ್ಲಿಕ್ಕೇಣಿಯಲ್ಲಿ ಬೇರುಬಿಟ್ಟವರು. ನಮಗೆ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ವೇದಿಕೆ ಹತ್ತಿದರೆ ತೆಲುಗು. ಸೇತುಮಾಧವ ರಾವ್ ಎಂಬ ನನ್ನ ಹೆಸರನ್ನು ಅಲ್ಲಿ ಯಾರೂ ಪೂರ್ತಿ ಹೇಳಿದ್ದಿಲ್ಲ. ಎಲ್ಲರಿಗೂ ನಾನು ರಾಯರು.

ಅಪ್ಪಾದುರೈಯದು ಉದ್ದ ಮುಖ. ಕಿವಿ ದೊಡ್ಡದು, ಕೆಳತುಟಿ ಸ್ವಲ್ಪ ಜೋತುಬಿದ್ದಿತ್ತು. ಏನೂ ಆಗದಿದ್ದಾಗಲೂ ಏನೋ ಕಳೆದುಕೊಂಡವನಂತೆ ಕಾಣುತ್ತಿದ್ದ. ಆ ಮುಖದ ಬೆಲೆ ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡವರು ಕೋಡಂಬಾಕ್ಕಂನ ಸಿನಿಮಾದವರು. ಆದರೆ ಸಿನಿಮಾಕ್ಕೆ ಮೊದಲು ಅಣ್ಣನ ವಿಷಯ ಹೇಳಬೇಕು.

ಅಣ್ಣ ಅಂದರೆ ಪೂಂತೋಟ್ಟಂ ಜಂಬುನಾಥ ಅಯ್ಯರ್. ನಾನೂ ಅಪ್ಪಾದುರೈಯೂ ಅವರ ಖಾಯಂ ಪಕ್ಕವಾದ್ಯ. ಅವರ ಕಂಠ ದೊಡ್ಡದು, ಕೋಪ ಅದಕ್ಕಿಂತ ದೊಡ್ಡದು. ಅವರಿಗೆ ಎಲ್ಲಕ್ಕಿಂತ ಹೆಚ್ಚಿನ ಹೆಮ್ಮೆಯೆಂದರೆ ನೆನಪಿನ ಶಕ್ತಿ. ಆರುನೂರು ಕೃತಿಗಳು ಬಾಯಲ್ಲೇ ಇವೆ ಎಂದು ಹೇಳಿಕೊಳ್ಳುತ್ತಿದ್ದರು, ಇದ್ದವು ಕೂಡ. ಒಮ್ಮೆ ಕುಂಭಕೋಣದಲ್ಲಿ ಒಬ್ಬ ಗಾಯಕ ನೋಟುಬುಕ್ಕು ತೆರೆದಿಟ್ಟುಕೊಂಡು ಹಾಡಲು ಕೂತಾಗ, ಮೊದಲ ಸಾಲಿನಲ್ಲಿದ್ದ ಅಣ್ಣ ಎದ್ದು, ಅಂಗವಸ್ತ್ರ ಕೊಡವಿ, ಎಲ್ಲರಿಗೂ ಕೇಳಿಸುವಂತೆ, “ಪುಸ್ತಕ ನೋಡ್ಕೊಂಡು ಹಾಡೋನು, ಚೀಟಿ ನೋಡ್ಕೊಂಡು ತಾಳಿ ಕಟ್ಟೋನು, ಇಬ್ರೂ ಒಂದೇ” ಅಂದು ಹೊರಟುಬಂದಿದ್ದರು. ಆ ಗಾಯಕ ಮತ್ತೆ ಕುಂಭಕೋಣದ ಕಡೆ ತಲೆ ಹಾಕಲಿಲ್ಲ. ಆ ಮಾತಿಗೆ ಅವತ್ತು ನಾನೂ ನಕ್ಕಿದ್ದೆ.

ಅಣ್ಣನಿಗೆ ಅರವತ್ತೆರಡು ತುಂಬಿದ ವರ್ಷ, ತಿರುಚ್ಚಿಯಲ್ಲಿ, ಐದು ಚರಣದ ಒಂದು ಕೃತಿ ಹಾಡುತ್ತಿದ್ದರು. ಎರಡು ಚರಣ ಮುಗಿಯಿತು. ಮೂರನೆಯದಕ್ಕೆ ಬಾಯಿ ತೆರೆದರು, ಮಾತು ಬರಲಿಲ್ಲ. ಭೇಷ್ ಹೇಳುವವರಂತೆ ಬಲಕ್ಕೆ ತಿರುಗಿದರು. ಅಪ್ಪಾದುರೈಯ ತುಟಿ ಅಲ್ಲಾಡಿದ್ದು ನನಗೆ ಕಾಣಿಸಿತು. ದನಿ ಇಲ್ಲ, ಬರೀ ತುಟಿ. ಮರುಕ್ಷಣ ಅಣ್ಣ ಮೂರನೆಯ ಚರಣ ಎತ್ತಿಕೊಂಡರು.

ಒಂದು ಸಲ ಆದದ್ದು ಎಲ್ಲರಿಗೂ ಆಗುತ್ತದೆ ಅಂದುಕೊಂಡೆ. ಮುಂದಿನ ತಿಂಗಳು ಎರಡು ಸಲ ಆಯಿತು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಪಿಟೀಲಿನಲ್ಲಿ ಎಷ್ಟೇ ಚೆನ್ನಾಗಿ ಸಾಲು ತೋರಿಸಿಕೊಟ್ಟರೂ ತಂತಿಯಲ್ಲಿ ಅಕ್ಷರ ಬರುವುದಿಲ್ಲ. ಐದು ಚರಣಕ್ಕೂ ಧಾತು, ಅಂದರೆ ಮಟ್ಟು, ಒಂದೇ ಆದಾಗ ಯಾವುದು ಯಾವುದೆಂದು ತಂತಿ ಹೇಗೆ ಹೇಳೀತು? ತುಟಿಯೇ ಬೇಕು. ಅಪ್ಪಾದುರೈ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ತೆಲುಗು ಸಾಹಿತ್ಯವನ್ನೆಲ್ಲ ತಮಿಳು ಲಿಪಿಯಲ್ಲಿ ಬರೆದುಕೊಂಡ ಹಾಳೆಗಳನ್ನು ನೋಡಿ ಗೊಣಗುತ್ತಿದ್ದ.

“ಏನಪ್ಪಾ ಅದು, ಜಪ?” ಎಂದು ಕೇಳಿದೆ.

“ಅಣ್ಣನ ಪಾಠ, ರಾಯರೇ.”

“ಅಣ್ಣನಿಗೆ ಗೊತ್ತಾ?”

“ಗೊತ್ತಾಗೋ ಹಾಗೆ ಮಾಡಿದ್ರೆ ನಾನೆಂಥ ಪಕ್ಕವಾದ್ಯದೋನು?” ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ಅಣ್ಣನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಬಲಕ್ಕೆ ತಿರುಗಿದರೆ ಸಾಲು ನೆನಪಾಗುತ್ತದೆ ಎಂದಷ್ಟೇ ಅವರ ತಿಳಿವಳಿಕೆ. ಮನುಷ್ಯ ತನಗೆ ಬೇಕಾದ್ದನ್ನು ಎಷ್ಟು ಸಲೀಸಾಗಿ ನಂಬುತ್ತಾನೆಂಬುದನ್ನು ಮೂರಡಿ ದೂರದಲ್ಲಿ ಕೂತು ನೋಡಿದವನು ನಾನು.

ಸಿನಿಮಾ ಬಂದದ್ದು ಈ ನಡುವೆ. ಅಪ್ಪಾದುರೈ ಬಿಡುವಿದ್ದಾಗ ಸ್ಟುಡಿಯೋ ವಾದ್ಯವೃಂದದಲ್ಲಿ ಪಿಟೀಲು ನುಡಿಸಲು ಹೋಗುತ್ತಿದ್ದ. ಅಲ್ಲಿ ಒಬ್ಬ ನಿರ್ದೇಶಕ ಅವನ ಮುಖ ನೋಡಿ, ನಾಯಕಿಗೆ ಪಾಠ ಹೇಳುವ ಸಂಗೀತದ ಮೇಷ್ಟರ ಪಾತ್ರ ಕೊಟ್ಟ. ಮುಂದಿನ ಚಿತ್ರದಲ್ಲಿ ಜಮೀನ್ದಾರನ ಗುಮಾಸ್ತನ ಪಾತ್ರ. ಕೈಕಟ್ಟಿ ಜಮೀನ್ದಾರನ ಹಿಂದೆ ನಿಲ್ಲುವುದಷ್ಟೇ ಕೆಲಸ, ಮಾತಿಲ್ಲ. ಆದರೆ ಜಮೀನ್ದಾರ ಬಾಯಿ ತೆರೆದಾಗಲೆಲ್ಲ ಹಿಂದೆ ನಿಂತ ಇವನ ತುಟಿಯೂ ಅಲ್ಲಾಡುತ್ತಿತ್ತು. ಎದುರಿನವನ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಪುಣ್ಯಾತ್ಮ. ಮೂರು ಸಲ ಚಿತ್ರೀಕರಣ ನಿಲ್ಲಿಸಿದರಂತೆ.

“ಯಾರ್ರೀ ಅದು ಬಾಯಾಡಿಸ್ತಿರೋದು? ಮೇವು ಹಾಕಿದೀರೇನ್ರೀ ಇವನಿಗೆ?” ಎಂದು ನಿರ್ದೇಶಕ ಕೂಗಾಡಿದನಂತೆ.

“ಅಭ್ಯಾಸ ಸಾರ್, ತಡ್ಕೊಳೋಕಾಗಲ್ಲ,” ಅಂದನಂತೆ ಇವನು.

ಸಂಜೆ ತೆಗೆದದ್ದನ್ನು ಹಾಕಿ ನೋಡಿದ ನಿರ್ದೇಶಕ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನದಿಂದ ಚಿತ್ರದುದ್ದಕ್ಕೂ ಗುಮಾಸ್ತ ಬಾಯಾಡಿಸಿದ. ಜಮೀನ್ದಾರ ಬೈದರೆ ಬಾಯಾಡಿಸಿದ, ಅತ್ತರೆ ಬಾಯಾಡಿಸಿದ, ಸಾಯುವಾಗಲೂ ಬಾಯಾಡಿಸಿದ. ಚಿತ್ರ ನೂರು ದಿನ ಓಡಿತು. ಮೈಲಾಪುರದ ಗುಡಿ ಸುತ್ತಲ ಮಾಡಬೀದಿಯಲ್ಲಿ ತರಕಾರಿಯವಳು ಬದನೆಕಾಯಿ ತೂಗುತ್ತ, ಬೆಲೆ ಹೇಳುವ ಬದಲು ಅವನ ಕಡೆ ನೋಡಿ ಬರೀ ತುಟಿ ಅಲ್ಲಾಡಿಸುತ್ತಿದ್ದಳು. ಇವನೂ ನಗುತ್ತಿದ್ದ. ಖ್ಯಾತಿ ಯಾರಿಗೆ ಬೇಡ?

ಆಮೇಲೆ ಆ ನಗು ಕಚೇರಿಗೂ ಬಂತು. ದೀಪಾವಳಿ ಕಳೆದ ಮೇಲೆ ಜಾರ್ಜ್‌ಟೌನಿನ ಒಂದು ಮದುವೆ ಕಚೇರಿ. ಅಣ್ಣ ಬಲಕ್ಕೆ ತಿರುಗಿದರು, ಇವನ ತುಟಿ ಆಡಿತು, ಹೆಂಗಸರ ಕಡೆಯಿಂದ ಯಾರೋ “ಅಗೋ, ಗುಮಾಸ್ತ!” ಅಂದರು. ಚಪ್ಪರವೆಲ್ಲ ನಕ್ಕಿತು. ಮುಂದಿನ ಕಚೇರಿಯಲ್ಲಿ ಜನ ಅದಕ್ಕೇ ಕಾದು ಕೂತಿದ್ದರು. ತೋಡಿಯ ಆಲಾಪನೆ ನಡೆಯುವಾಗ ಗಂಭೀರವಾಗಿದ್ದವರು, ಸಾಹಿತ್ಯ ಶುರುವಾದ ಕೂಡಲೇ ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತಿದ್ದರು. ಒಂದು ವಾರಪತ್ರಿಕೆಯ ವಿಮರ್ಶಕರು, ಪೂಂತೋಟ್ಟಂ ಅವರ ಬಲಗಡೆ ಈಗ ಪಿಟೀಲಿಲ್ಲ, ಕೋಡಂಬಾಕ್ಕಂ ಕೂತಿದೆ ಎಂದು ಬರೆದರು.

ನಮ್ಮ ಸಂಗೀತ ಸಭಾದ ಕಾರ್ಯದರ್ಶಿ ವಕೀಲ ತಾತಾಚಾರಿ ಆ ಪತ್ರಿಕೆ ಹಿಡಿದುಕೊಂಡು ನನ್ನ ಮನೆಗೇ ಬಂದರು. ಡಿಸೆಂಬರ್ ಉತ್ಸವದಲ್ಲಿ ಇಪ್ಪತ್ತೇಳನೇ ತಾರೀಖು ಅಣ್ಣನ ಕಚೇರಿ. ವರ್ಷವಿಡೀ ಎಲ್ಲಿ ಹಾಡಿದರೂ ಬಿಟ್ಟರೂ, ಒಬ್ಬ ವಿದ್ವಾಂಸ ಇನ್ನೂ ಇದ್ದಾನೋ ಇಲ್ಲವೋ ಎಂದು ಮದರಾಸು ತೀರ್ಮಾನಿಸುವುದು ಆ ವೇದಿಕೆಯಲ್ಲಿ.

“ರಾಯರೇ, ನೀವು ಅವನ ಎದುರಿಗೇ ಕೂತಿರ್ತೀರಿ. ಅವನು ಯಾಕ್ರೀ ಬಾಯಾಡಿಸ್ತಾನೆ? ಸಿನಿಮಾ ಪ್ರಚಾರವೇ ಇದು?”

ನಿಜ ಹೇಳಿದ್ದರೆ ಅಪ್ಪಾದುರೈ ಉಳಿಯುತ್ತಿದ್ದ, ಅಣ್ಣನ ಕಥೆ ಮುಗಿಯುತ್ತಿತ್ತು. ಅಣ್ಣನದು ಮುಗಿದರೆ ನನ್ನದೂ ಅಷ್ಟೇ. ಮೂರು ಹೆಣ್ಣುಮಕ್ಕಳ ತಂದೆ ನಾನು. “ಏನೋ ಅಭ್ಯಾಸ ಇರಬೇಕು,” ಅಂದೆ. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಿದೆ. ತಾತಾಚಾರಿ ಕಾಫಿ ಕುಡಿದು, ನೆಟ್ಟಗೆ ಅಣ್ಣನ ಮನೆಗೆ ಹೋದರು.

ಮರುದಿನ ಅಣ್ಣ ಇಬ್ಬರನ್ನೂ ಕರೆಸಿದರು. ಉಯ್ಯಾಲೆಯ ಮೇಲೆ ಕೂತಿದ್ದರು. ಮಾಮಿ, ಅಂದರೆ ಅಣ್ಣನ ಹೆಂಡತಿ, ಪತ್ರಿಕೆಯನ್ನು ಅವರಿಗೆ ಓದಿ ಹೇಳಿ ಒಳಗೆ ಹೋದರು. ಹತ್ತಿರದ ಅಕ್ಷರ ಅಣ್ಣನಿಗೆ ಕನ್ನಡಕವಿಲ್ಲದೆ ಇರುವೆ ಸಾಲು. ಆ ಕನ್ನಡಕವನ್ನೂ ಮನೆಯವರ ಮುಂದೆ ಬಿಟ್ಟರೆ ಬೇರೆ ಯಾರೆದುರೂ ಹಾಕಿಕೊಳ್ಳುತ್ತಿರಲಿಲ್ಲ.

“ಏನಯ್ಯಾ, ನಾನು ಹಾಡ್ತಿದ್ರೆ ನೀನು ಪಕ್ಕದಲ್ಲಿ ಕೂತು ನನ್ನ ಅಣಕಿಸ್ತೀಯಂತೆ?”

“ಇಲ್ಲಣ್ಣಾ.”

“ಮತ್ತೆ ಊರೆಲ್ಲ ನಗ್ತಿದೆ? ನನ್ನ ನೋಡಿ ನಗ್ತಿದೆಯೇನು?”

“ನನ್ನ ನೋಡಿ ಅಣ್ಣಾ.”

“ಭಾನುವಾರ ಮಾಂಬಲದಲ್ಲಿ ಕಚೇರಿ ಇದೆ. ಅಲ್ಲಿ ಒಬ್ಬನೇ ಒಬ್ಬ ನಕ್ರೂ ಇಪ್ಪತ್ತೇಳಕ್ಕೆ ವಾಂಚಿ ನುಡಿಸ್ತಾನೆ. ತಾತಾಚಾರಿಗೆ ಮಾತು ಕೊಟ್ಟಿದೀನಿ.”

ವಾಂಚಿ ಎಂಬ ವಾಂಚಿನಾಥನ್ ಇಪ್ಪತ್ತಾರು ವರ್ಷದ ಪಿಟೀಲಿನ ಹುಡುಗ. ಕೈ ಚುರುಕು, ತುಟಿ ಬಿಗಿ. ಅಪ್ಪಾದುರೈ ಎದ್ದು ಕೈಮುಗಿದ. “ಆಗಲಣ್ಣಾ, ಬಾಯಿ ಮುಚ್ಕೋತೀನಿ,” ಅಂದ.

ಬೀದಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. “ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತೋ ನಿನಗೆ? ಗುಮಾಸ್ತ ಅಂದ್ರೆ ನಿಜವಾಗ್ಲೂ ಗುಮಾಸ್ತನೇ ಆಗ್ಬಿಟ್ಯಲ್ಲ!”

“ನಿಮ್ಮನ್ನೂ ಕೇಳಿದ್ರಂತಲ್ಲ ರಾಯರೇ, ನೀವು ಹೇಳಿದ್ರಾ?”

ನಾನು ಬಿರುಸಾಗಿ ನಡೆಯತೊಡಗಿದೆ, ಅವನು ಜೊತೆಗೇ ಬಂದ.

“ಸಿನಿಮಾಕ್ಕೆ ನಾನಲ್ದಿದ್ರೆ ಇನ್ನೊಬ್ಬ ಉದ್ದ ಮೂತಿಯೋನು ಸಿಕ್ತಾನೆ,” ಅಂದ. “ನಂಗೆ ಅಣ್ಣನ ಬಲಗಡೆ ಬಿಟ್ಟು ಬೇರೆ ಕಡೆ ಕೂತ್ಕೊಳೋಕೆ ಬರಲ್ಲ. ಇಪ್ಪತ್ನಾಲ್ಕು ವರ್ಷದವನಿದ್ದಾಗ ತಂದು ಕೂರಿಸಿದ್ದು ಅವರು. ಆ ಜಾಗ ಹೋದ್ರೆ ನಂಗೆ ಇನ್ನೇನೂ ಉಳಿಯಲ್ಲ. ಆದ್ರೆ ಅದನ್ನ ಉಳಿಸ್ಕೊಳೋಕೆ ಅಣ್ಣನಿಗೆ ಮರೆವು ಅಂತ ನಾನೇ ಡಂಗುರ ಹೊಡೀಲಾ?”

ಮಾಂಬಲಕ್ಕೆ ಅವನು ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ಬಂದ. ಒಂದು ದವಡೆ ಊದಿಕೊಂಡಿತ್ತು. ತುಟಿ ಬಿಚ್ಚಿದರೆ ರಸ ಪಿಟೀಲಿನ ಮೇಲೆ ಸುರಿಯಬೇಕು, ಹಾಗೆ. ವರ್ಣ ಆಯಿತು, ಎರಡು ಚಿಕ್ಕ ಕೃತಿ ಆಯಿತು, ಜನ ನಿರಾಸೆಯಿಂದ ಕೆಮ್ಮಿದರು. ಆಮೇಲೆ ಅಣ್ಣ ಶಂಕರಾಭರಣ ಎತ್ತಿಕೊಂಡರು. ಕೃತಿ ದೊಡ್ಡದು, ಚರಣ ಮೂರು. ಎರಡನೆಯ ಚರಣದ ಮೊದಲ ಸಾಲು ಹಾಡಿ ಬಲಕ್ಕೆ ತಿರುಗಿದರು.

ಅಪ್ಪಾದುರೈಯ ತುಟಿ ಮುಚ್ಚಿತ್ತು.

ಅಣ್ಣ ಅದೇ ಸಾಲನ್ನು ಸ್ವರದ ಓಟ ಬದಲಿಸಿ, ಇನ್ನೊಂದು ಸಂಗತಿಯಾಗಿ ಹಾಡಿದರು. ಮತ್ತೆ ತಿರುಗಿದರು. ಮೂರನೆಯ ಸಲ ಹಾಡಿದರು. ಹೊಸ ಸಂಗತಿ ಹೊಳೆಯುತ್ತಿದೆ ಎಂದುಕೊಂಡ ಯಾರೋ ಮಹಾನುಭಾವರು ಭೇಷ್ ಅಂದರು. ಅಣ್ಣನ ಹಣೆಯಲ್ಲಿ ಬೆವರು. ಬಲಕ್ಕೆ ತಿರುಗಿದ ಅವರ ಕಣ್ಣನ್ನು ನಾನು ನೋಡಿದೆ. ಕತ್ತಲ ಕೋಣೆಯಲ್ಲಿ ಬಾಗಿಲಿದ್ದ ಕಡೆ ಕೈ ಚಾಚಿದರೆ ಗೋಡೆ ಸಿಕ್ಕವರ ಹಾಗಿದ್ದರು. ನನ್ನ ಕೈ ತಾಳ ಬಿಡಲಿಲ್ಲ. ಅದು ಅಭ್ಯಾಸ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ನಾಲ್ಕನೆಯ ಸಲಕ್ಕೆ ಅಪ್ಪಾದುರೈ ಎಲೆಯಡಿಕೆಯನ್ನು ಗುಳುಂ ಎಂದು ನುಂಗಿದ. ಕೆಂಪಗಾದ ತುಟಿ ತೆರೆದು, ಒಂದೊಂದೇ ಅಕ್ಷರವನ್ನು ಬಿಡಿಸಿಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ನಡುವೆಯೇ ಅಣ್ಣ ಸಾಲು ಹಿಡಿದು, ಎಂದಿಗಿಂತ ದೊಡ್ಡ ದನಿಯಲ್ಲಿ ಹಾಡಿದರು. ಆದರೆ ಆ ತುಟಿಯನ್ನು ಅವರು ಮೊದಲ ಸಲ ತುಟಿಯಾಗಿ ನೋಡಿದ್ದರು. ಅವರ ಮುಖದಲ್ಲಿ ಅದು ಕಾಣಿಸಿತು.

ವಾಪಸು ಬರುವಾಗ ಕಾರಿನಲ್ಲಿ ಬೈಗುಳಕ್ಕೆ ಕಾದು ಕೂತಿದ್ದೆವು. ಅಣ್ಣ ಬೈಯಲಿಲ್ಲ. ಲಸ್ ಮೂಲೆ ತಿರುಗುವಾಗ, “ಎಷ್ಟು ದಿನದಿಂದ ಅಪ್ಪಾದುರೈ?” ಅಂದರು.

“ಏನಣ್ಣಾ?”

“ಏನಿಲ್ಲ.”

ಅಲ್ಲಿಂದ ಇಪ್ಪತ್ತೇಳರವರೆಗೆ ಹದಿನೆಂಟು ದಿನ. ಅಣ್ಣನಿಂದ ಬಾ ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಅಪ್ಪಾದುರೈ ಸ್ಟುಡಿಯೋಕ್ಕೂ ಹೋಗಲಿಲ್ಲ. ಅವನ ಹೆಂಡತಿ ಬಂದು ನನ್ನ ಹೆಂಡತಿಯ ಹತ್ತಿರ, ಮನುಷ್ಯ ಊಟಕ್ಕೆ ಕೂತರೆ ತಟ್ಟೆ ನೋಡುತ್ತ ಇರುತ್ತಾರೆ ಎಂದು ಕಣ್ಣೊರೆಸಿಕೊಂಡಳು. ಇಪ್ಪತ್ತಾರರ ಬೆಳಿಗ್ಗೆ ಅಣ್ಣನ ಡ್ರೈವರ್ ಬಂದು, ನಾಳೆ ಮೂರೂವರೆಗೆ ಇಬ್ಬರೂ ಸಭಾದಲ್ಲಿರಬೇಕಂತೆ ಎಂದಷ್ಟೇ ಹೇಳಿ ಹೋದ.

ಸಭಾದ ಹಿಂದಿನ ಕೋಣೆಯಲ್ಲಿ ವಾಂಚಿಯೂ ಇದ್ದ. ಪಿಟೀಲು ಶ್ರುತಿ ಮಾಡಿಕೊಂಡು ಗೋಡೆಗೊರಗಿ ಕೂತಿದ್ದ. ತಾತಾಚಾರಿ ನಮ್ಮನ್ನು ನೋಡಿದರೂ ನೋಡದವರಂತೆ ಅಣ್ಣನ ಕಡೆ ಬಾಗಿದರು.

“ವಾಂಚಿ ತಯಾರಿದಾನೆ ಅಣ್ಣಾ.”

“ಒಳ್ಳೇದು. ಮುಂದಿನ ಸಾಲಲ್ಲಿ ಕೂರಿಸಿ, ಕೇಳಲಿ.”

“ಅಣ್ಣಾ, ಮಾಂಬಲದಲ್ಲಿ ಆದದ್ದು ಗೊತ್ತಲ್ಲ? ಜನ ಮತ್ತೆ ನಗ್ತಾರೆ.”

“ಇವತ್ತು ಅವರಿಗೆ ನೋಡೋಕೆ ಬೇರೆ ಇದೆ ಕಣಯ್ಯಾ,” ಎಂದು ಅಣ್ಣ ಎದ್ದರು. ಅವರ ಕಂಕುಳಲ್ಲಿ ಟವಲಿನಲ್ಲಿ ಸುತ್ತಿದ ಒಂದು ಗಂಟಿತ್ತು.

ಪರದೆ ಸರಿಯುವ ಮುಂಚೆ ಆ ಗಂಟು ಬಿಚ್ಚಿದರು. ಮನೆಯಲ್ಲಿ ಮಾಮಿ ರಾಮಾಯಣ ಪಾರಾಯಣಕ್ಕೆ ಇಟ್ಟುಕೊಳ್ಳುವ ಮರದ ವ್ಯಾಸಪೀಠ. ಅದನ್ನು ತಮ್ಮ ಮುಂದೆ ನಿಲ್ಲಿಸಿ, ಕಂದು ರಟ್ಟಿನ ಒಂದು ಪುಸ್ತಕವನ್ನು ಅದರ ಮೇಲೆ ತೆರೆದಿಟ್ಟರು. “ಅಣ್ಣಾ, ಬೇಡ,” ಅಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. “ತಂಬೂರಿ,” ಅಂದರು. ಪರದೆ ಸರಿಯಿತು.

ಸಭೆ ಮೊದಲು ಪುಸ್ತಕ ನೋಡಿತು, ಆಮೇಲೆ ಅಣ್ಣನನ್ನು ನೋಡಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ಪೂಂತೋಟ್ಟಕ್ಕೂ ಪುಸ್ತಕ ಬಂತೇ?” ಎಂದು ಯಾರೋ ಪಿಸುಗುಟ್ಟಿದ್ದು ವೇದಿಕೆಯವರೆಗೂ ಬಂತು. ಮೂರನೆಯ ಸಾಲಿನಲ್ಲಿ, ಮೂವತ್ತು ವರ್ಷ ತಪ್ಪದೆ ಅಣ್ಣನನ್ನು ಕೇಳಿದ್ದ ನಿವೃತ್ತ ಜಡ್ಜರೊಬ್ಬರು, ವರ್ಣ ಮುಗಿಯುವ ಮುಂಚೆಯೇ ಎದ್ದು, ಅಂಗವಸ್ತ್ರ ಸರಿಮಾಡಿಕೊಂಡು ಹೊರಗೆ ಹೋದರು. ಕುಂಭಕೋಣ ನನಗೆ ನೆನಪಾಯಿತು. ಅಣ್ಣನಿಗೂ ಆಗಿರಬೇಕು, ಅಂಥದ್ದು ಅವರು ಮರೆತಿರಲಿಲ್ಲ.

ಅಣ್ಣ ಹಾಡಿದರು. ಹೇಗೆ ಹಾಡಿದರೆಂದು ಕೇಳಿದರೆ, ಆ ವಯಸ್ಸಿಗೆ ಚೆನ್ನಾಗಿಯೇ ಹಾಡಿದರು ಅನ್ನುತ್ತೇನೆ. ಪ್ರತಿ ಕೃತಿಗೂ ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುಗಿಸಿದರು. ಚರಣ ಬಂದಾಗ ಒಂದು ಕ್ಷಣ ಪುಸ್ತಕ ನೋಡಿದರು, ಆಮೇಲೆ ಎಂದಿನಂತೆ ಬಲಕ್ಕೆ ತಿರುಗಿದರು. ಅಪ್ಪಾದುರೈ ಮೊದಲು ಗೊಂದಲಪಟ್ಟ. ಪುಸ್ತಕ ಇರುವಾಗ ತಾನು ಯಾಕೆ ಎಂದು ತುಟಿ ಬಿಗಿಹಿಡಿದಿದ್ದ. ಅಣ್ಣ ಹುಬ್ಬು ಹಾರಿಸಿದರು. ತುಟಿ ಆಡಿತು. ಸಭೆಯಲ್ಲಿ ಸದ್ದಿಲ್ಲ. ಯಾರ ಕಣ್ಣೂ ಅವನ ಕಡೆ ಇರಲಿಲ್ಲ, ಎಲ್ಲರೂ ಪುಸ್ತಕ ನೋಡುತ್ತಿದ್ದರು. ಕೋಡಂಬಾಕ್ಕಂ ಎಂದು ಬರೆದ ವಿಮರ್ಶಕರು ಅಣ್ಣ ಎಷ್ಟು ಸಲ ಹಾಳೆ ತಿರುಗಿಸಿದರೆಂದು ಗುರುತು ಹಾಕಿಕೊಳ್ಳುತ್ತಿದ್ದರು. ಆಮೇಲಾಮೇಲೆ ಅಪ್ಪಾದುರೈ ಅಳುಕು ಬಿಟ್ಟು, ತೆರೆದ ಬಾಯಿಂದ ಸಾಲು ಸಾಲನ್ನೇ ಒಪ್ಪಿಸತೊಡಗಿದ. ಮೂರು ಗಂಟೆ ನಡೆದ ಕಚೇರಿಯಲ್ಲಿ ಒಬ್ಬರೂ ಗುಮಾಸ್ತ ಅನ್ನಲಿಲ್ಲ.

ಮಂಗಳ ಹಾಡಿದ ಮೇಲೆ ಯಾವಾಗಲೂ ವೇದಿಕೆಗೆ ನುಗ್ಗಿ ನಮಸ್ಕಾರ ಮಾಡುತ್ತಿದ್ದವರು ಅಂದು ಬಾಗಿಲ ಕಡೆ ನುಗ್ಗಿದರು. ತಾತಾಚಾರಿ ಮಾತ್ರ ಬಂದು, “ಅಣ್ಣಾ, ಇನ್ಮೇಲೆ ಆರೋಗ್ಯ ನೋಡ್ಕೊಳ್ಳಿ,” ಅಂದರು. ಆ ದನಿ ನನಗೆ ಗೊತ್ತು. ಮುಂದಿನ ವರ್ಷ, ಹೊಸಬರಿಗೆ ಕೊಡುವ ಮಧ್ಯಾಹ್ನ ಎರಡು ಗಂಟೆಯ ಕಚೇರಿ ಕೊಡುವ ದನಿ ಅದು. ಅಣ್ಣ ತಲೆಯಾಡಿಸಿ ಫ್ಲಾಸ್ಕಿನಿಂದ ಬಿಸಿಹಾಲು ಬಗ್ಗಿಸಿಕೊಂಡರು.

ನಾನು ಮೃದಂಗಕ್ಕೆ ಚೀಲ ಹಾಕುತ್ತಿದ್ದೆ. ಅಪ್ಪಾದುರೈ ವ್ಯಾಸಪೀಠ ಮಡಿಸಲೆಂದು ಪುಸ್ತಕ ಕೈಗೆತ್ತಿಕೊಂಡ. ಎತ್ತಿಕೊಂಡವನು ಹಾಗೇ ನಿಂತ. ಏನೆಂದು ನಾನೂ ಬಗ್ಗಿ ನೋಡಿದೆ. ಹಳೆಯ ವರ್ಷದ ಪಂಚಾಂಗ ಅದು. ತೆರೆದ ಪುಟದಲ್ಲಿ ಮೈಯ ಯಾವ ಭಾಗದ ಮೇಲೆ ಹಲ್ಲಿ ಬಿದ್ದರೆ ಏನು ಫಲ ಎಂಬ ಪಟ್ಟಿಯಿತ್ತು. ಅಣ್ಣನ ಮೂಗಿನ ಮೇಲೆ ಕನ್ನಡಕವೂ ಇರಲಿಲ್ಲ. ಮೂರು ಗಂಟೆ ಹೊತ್ತೂ ಇರಲಿಲ್ಲ, ನಾನು ಗಮನಿಸಿಯೇ ಇರಲಿಲ್ಲ.

ಅಪ್ಪಾದುರೈ ಪುಸ್ತಕ ಮುಚ್ಚಿದ. ಪಿಟೀಲಿಗೆ ಹೊದಿಸುವ ರೇಷ್ಮೆ ವಸ್ತ್ರವನ್ನು ಪೆಟ್ಟಿಗೆಯಿಂದ ತೆಗೆದು ಪಂಚಾಂಗಕ್ಕೆ ಸುತ್ತಿದ. ಎರಡು ಸಲ ಬಿಚ್ಚಿ ಮತ್ತೆ ಸುತ್ತಿದ.

“ಏನಯ್ಯಾ ಅದು, ಅಷ್ಟು ಹೊತ್ತು?” ಅಣ್ಣ ಹಾಲಿನ ಲೋಟದಿಂದ ತಲೆಯೆತ್ತದೆ ಕೇಳಿದರು.

“ಏನಿಲ್ಲಣ್ಣಾ.”

“ಪೊಂಗಲ್ ಆದ್ಮೇಲೆ ತಂಜಾವೂರಿನ ಕಚೇರಿ ಇದೆ. ಆ ಪುಸ್ತಕಾನ ನೀನೇ ತಗೊಂಡು ಬಾ. ನಂಗೆ ಮರೆತುಹೋಗುತ್ತೆ.”

ಅಪ್ಪಾದುರೈ ಅದನ್ನು ಎದೆಗವಚಿಕೊಂಡು ನಿಂತಿದ್ದ. ಉತ್ತರ ಕೊಡಲು ಬಾಯಿ ತೆರೆದ. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಅಣ್ಣ ತಲೆಯೆತ್ತಿ ಆ ತುಟಿ ನೋಡಿದರು, ನೋಡಿ, “ಸರಿ, ನಡಿ,” ಅಂದರು.